ಸಿಯಾಟಲ್‌ಗೆ ಹೋದ ಸ್ಕ್ರೂಡ್ರೈವರ್

ಹೊರಡುವ ಮುಂಚೆ

ಅವ್ವ ಅಮೆರಿಕಕ್ಕೆ ಬರಲಿಲ್ಲ. ವೀಸಾ ಸಿಗಲಿಲ್ಲ ಅಂತಲ್ಲ. ನಲ್ಲಿ ಬರುವ ದಿನ ಮನೆಯಲ್ಲಿ ಯಾರಾದರೂ ಇರಬೇಕಲ್ಲ, ಅದಕ್ಕೆ.

ನಮ್ಮ ಊರಿಗೆ ಎಂಟು ದಿನಕ್ಕೊಮ್ಮೆ ನೀರು. ಆ ದಿನ ಬಾಗಿಲಿಗೆ ಬೀಗ ಹಾಕಿದವರು ಮುಂದಿನ ಎಂಟು ದಿನ ಪಕ್ಕದ ಮನೆಯವರ ಕೆಟ್ಟ ಜೋಕಿಗೂ ನಗಬೇಕಾಗುತ್ತದೆ. ಮೂರು ವಾರಕ್ಕೆ ಮೂರು ಸಲ ನಲ್ಲಿ ಬರುತ್ತದೆ ಎಂದು ಅವ್ವ ಬೆರಳು ಮಡಚಿ, "ನೀವಿಬ್ರೂ ಹೋಗಿ ಬರ್ರಿ, ನಾ ಕೊಡ ತುಂಬತೀನಿ" ಅಂದಳು. ಇಡೀ ಊರಿಗೆ ಆ ನೀರು ಬಿಡುವವನು ಅವಳ ಗಂಡನೇ, ಅಂದರೆ ನಮ್ಮ ಪಪ್ಪನೇ, ಅನ್ನುವುದು ಇದರಲ್ಲಿರುವ ತಮಾಷೆ. ಊರಿನ ಹೆಸರು ಹೇಳುವುದಿಲ್ಲ. ಪಪ್ಪನ ಪೆನ್ಷನ್ ಇನ್ನೂ ಮಂಜೂರಾಗಿಲ್ಲ.

ಪಪ್ಪ ನದಿ ದಂಡೆಯ ಪಂಪ್‌ಹೌಸಿನಲ್ಲಿ ಪಂಪ್ ಆಪರೇಟರ್. ಆದರೆ ಊರಿನವರೆಲ್ಲ ಅವನನ್ನು ಕರೆಯುವುದು ಇಂಜಿನಿಯರ್ ಸಾಹೇಬ್ರು ಎಂದೇ. ನಮ್ಮ ಕಡೆ ಬಡ್ತಿ ಕೊಡಲು ಯಾರೂ ಆರ್ಡರ್‌ಗೆ ಕಾಯುವುದಿಲ್ಲ. ಕಂಪೌಂಡರ್ ಡಾಕ್ಟರ್ ಸಾಹೇಬ್ರಾಗುತ್ತಾನೆ, ಹೋಂಗಾರ್ಡ್ ಪಿಎಸ್ಐ ಸಾಹೇಬ್ರಾಗುತ್ತಾನೆ. ಪಪ್ಪ ಆ ಹೆಸರನ್ನು ಒಪ್ಪಿಕೊಂಡವನಲ್ಲ, ಬೇಡ ಅಂದವನೂ ಅಲ್ಲ. "ಇಂಜಿನಿಯರ್ ಸಾಹೇಬ್ರ, ನಮ್ಮ ಓಣಿಗೆ ನೀರು ಯಾವಾಗ್ರಿ?" ಅಂದರೆ "ಬುಧವಾರ" ಅಂತ ವಾರ ಮಾತ್ರ ಹೇಳಿ ಸೈಕಲ್ ತುಳಿಯುತ್ತಿದ್ದ. ಅವನ ಪರವಾಗಿ ನಾನು ಒಪ್ಪಿಕೊಂಡಿದ್ದೆ. ಐದನೇ ಕ್ಲಾಸಿನಿಂದ ಪಿಯುಸಿವರೆಗೆ ನನ್ನ ಪ್ರತಿ ಅರ್ಜಿಯಲ್ಲೂ ತಂದೆಯ ಉದ್ಯೋಗ: ಇಂಜಿನಿಯರ್. ನಾನು ಸುಳ್ಳು ಹೇಳುವುದಿಲ್ಲ, ಇದ್ದದ್ದನ್ನು ಸ್ವಲ್ಪ ಎಳೆಯುತ್ತೇನೆ.

ನಮ್ಮನ್ನು ಅಮೆರಿಕಕ್ಕೆ ಕರೆದವನು ಗಿರೀಶ ಕಾಕಾ, ಪಪ್ಪನ ತಮ್ಮ. ಸಿಯಾಟಲ್ ಹತ್ತಿರ ಮನೆ ತೆಗೆದುಕೊಂಡಿದ್ದ. ಗೃಹಪ್ರವೇಶದ ಪೂಜೆಗೆ ಅಣ್ಣ ಇರಬೇಕು ಎಂದು ಹಟ ಹಿಡಿದು ಟಿಕೆಟ್ ಕಳಿಸಿದ. ಕಾಕಾನ ಕೆಲಸ ಕುಡಿಯುವ ನೀರಿನ ಪಂಪುಗಳಿಗೆ ಕರೆಂಟ್ ಕಡಿಮೆ ಸುಡುವಂತೆ ಮಾಡುವುದು. ಅದಕ್ಕೇ ಅಲ್ಲೊಂದು ಕಂಪನಿ, ಅದರಲ್ಲಿ ಇವನು ಲೈಸೆನ್ಸ್ ಇರುವ ಇಂಜಿನಿಯರ್. ನಿಜವಾದವನು.

ಪಪ್ಪ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟದ್ದು ಒಂದು ಪ್ಲಾಸ್ಟಿಕ್ ಫೈಲ್. ಅದರಲ್ಲಿ ಅವನೇ ಕೈಬರಹದಲ್ಲಿ ಬರೆದ ಮೂರು ಪುಟದ ವರದಿ. ಸಂಗತಿ ಸರಳ. ನಮ್ಮ ಪಂಪ್‌ಹೌಸಿನ ಪಂಪು ಊರಿಗೆ ಬೇಕಾದದ್ದಕ್ಕಿಂತ ದೊಡ್ಡದು. ಪೂರ್ತಿ ಬಿಟ್ಟರೆ ಮೋಟಾರ್ ಸುಟ್ಟುಹೋಗುತ್ತದೆ ಎಂದು ಅದರ ಬಾಯಿಗಿರುವ ವಾಲ್ವನ್ನು ಅರ್ಧ ಮುಚ್ಚಿ ಓಡಿಸುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆದುಕೊಂಡೇ ಆಕ್ಸಿಲರೇಟರ್ ಒತ್ತಿ ಹುಬ್ಬಳ್ಳಿವರೆಗೆ ಜೀಪ್ ಓಡಿಸಿದ ಹಾಗೆ. ಒಳಗಿನ ಚಕ್ರವನ್ನು ಲೇಥ್ ಮೇಲೆ ಸ್ವಲ್ಪ ಕಡೆದು ಸಣ್ಣದು ಮಾಡಿ, ವಾಲ್ವ್ ಪೂರ್ತಿ ತೆರೆದರೆ ಸಾಕು. ಉಳಿಯುವ ಕರೆಂಟಿನಲ್ಲಿ ನಮ್ಮ ಟ್ರಾನ್ಸ್‌ಫಾರ್ಮರ್ ಎರಡನೇ ಪಂಪನ್ನೂ ಹೊರುತ್ತದೆ, ಎಂಟು ದಿನದ ನೀರು ಐದು ದಿನಕ್ಕೆ ಬರುತ್ತದೆ. ಇದನ್ನು ಪಪ್ಪ ಮೂರು ಸಲ ಆಫೀಸಿಗೆ ಕೊಟ್ಟಿದ್ದ. ಮೂರು ಸಲವೂ ಬಾಯಿಮಾತಿನಲ್ಲೇ ಉತ್ತರ ಬಂತು: ಆಪರೇಟರ್ ಕೆಲಸ ಪಂಪ್ ಓಡಿಸೋದು.

ಬರುವ ಮೇ ತಿಂಗಳಿಗೆ ಪಪ್ಪ ರಿಟೈರ್. ಅಷ್ಟರೊಳಗೆ ಯಾರಾದರೂ ದೊಡ್ಡವರ ಕಾಗದದ ಮೇಲೆ, ಇಂಗ್ಲಿಷಿನಲ್ಲಿ, ಸೀಲು ಹಾಕಿ, ಈ ಮನುಷ್ಯ ಹೇಳುವುದು ಸರಿ ಎಂದು ಬರೆದುಕೊಟ್ಟರೆ ಆಫೀಸು ಕೇಳಿಸಿಕೊಳ್ಳುತ್ತದೆ ಅನ್ನುವುದು ಅವನ ಆಸೆ. ಅವನು ಅಮೆರಿಕಕ್ಕೆ ಹೊರಟದ್ದು ಆ ಕಾಗದಕ್ಕೆ. ನಾನು ಹೊರಟದ್ದು ಫೋಟೋಕ್ಕೆ.

ವಿಮಾನ ನಿಲ್ದಾಣ

ಸಿಯಾಟಲ್ ಕಸ್ಟಮ್ಸ್‌ನಲ್ಲಿ ನಮ್ಮ ಬ್ಯಾಗು ತೆರೆಸಿದ ಆಫೀಸರ್ ನಮ್ಮೂರಿನ ಓವರ್‌ಹೆಡ್ ಟ್ಯಾಂಕಿನಷ್ಟು ಎತ್ತರ ಇದ್ದ. ಅದರಂತೆಯೇ ಒಣಗಿದ ಮುಖ, ಒಂದು ಹನಿ ನಗುವೂ ಇರಲಿಲ್ಲ. ಖಡಕ್ ರೊಟ್ಟಿಯ ಕಟ್ಟನ್ನು ಎತ್ತಿ ಅಲ್ಲಾಡಿಸಿದ. ಅದು ಮಾಡಿದ ಸದ್ದಿಗೆ ಪಕ್ಕದ ಸಾಲಿನ ನಾಯಿ ಕಿವಿ ನಿಮಿರಿಸಿತು. ಒಂದನ್ನು ಮುರಿದು ಮೂಸಿ ನೋಡಿದ, ಇದು ಕಟ್ಟಡದ ಸಾಮಾನಲ್ಲ ಎಂದು ಸಮಾಧಾನವಾದ ಮೇಲೆ ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯದನ್ನು ಹೊರಗೆಳೆದ.

ಅದು ಪಪ್ಪನ ಸ್ಕ್ರೂಡ್ರೈವರ್. ಒಂದೂವರೆ ಅಡಿ ಉದ್ದ, ಮರದ ಹಿಡಿ. ಪಂಪಿನ ಮೈಗೆ ಅದರ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗೆ ಏನು ನಡೆದಿದೆ ಎಂದು ಕೇಳಿಸುತ್ತದೆ. ವರ್ಷಗಟ್ಟಲೆ ಒತ್ತಿ ಒತ್ತಿ ಹಿಡಿ ಸವೆದು ಅವನ ಕಿವಿಯ ಆಕಾರಕ್ಕೇ ಬಂದಿತ್ತು. ಹಾಗಾಗಿ ನನ್ನ ಕಿವಿಗೆ ಅದು ಕೂರುವುದೇ ಇಲ್ಲ.

ಇದೇನು ಅಂತ ಆಫೀಸರ್ ಕೇಳಿದ. ಪಪ್ಪ ಗಂಭೀರವಾಗಿ "ಸ್ಟೆಥೋಸ್ಕೋಪ್" ಅಂದ.

"ಇವರು ಡಾಕ್ಟರಾ?"

"ಪಂಪ್ ಡಾಕ್ಟರ್" ಅಂದೆ ನಾನು. "ನಮ್ಮ ರಾಜ್ಯದಲ್ಲಿ ಬಹಳ ಫೇಮಸ್."

ಆಫೀಸರ್ ನಕ್ಕು ಬ್ಯಾಗು ಮುಚ್ಚಿದ. ಅಮೆರಿಕದಲ್ಲಿ ಪಪ್ಪನಿಗೆ ನಾನು ಕೊಟ್ಟ ಮೊದಲ ಬಡ್ತಿ ಅದು. ಎಷ್ಟು ಸಲೀಸಾಗಿ ಆಯಿತು ಅಂದರೆ, ನನಗೆ ಧೈರ್ಯ ಬಂತು.

ಈಸ್ಟ್‌ಗೇಟ್

ಕಾಕಾನ ಮನೆ ಈಸ್ಟ್‌ಗೇಟ್‌ನಲ್ಲಿ, ದೊಡ್ಡ ಹೈವೇ ಮೇಲಿನ ಗುಡ್ಡದ ಓಣಿಯಲ್ಲಿ. ಅಲ್ಲಿಯ ಮಳೆಗೆ ಸದ್ದಿಲ್ಲ. ಮುಜುಗರದ ನೆಂಟರ ಹಾಗೆ ಬರುತ್ತದೆ, ಹೋಗುವುದಿಲ್ಲ. ಆ ಮಳೆಯಲ್ಲೇ ಎದುರು ಮನೆಯವರ ಹುಲ್ಲಿಗೆ ಕಾರಂಜಿ ತಿರುಗಿ ತಿರುಗಿ ನೀರು ಹಾಕುತ್ತಿತ್ತು. ಪಪ್ಪ ಕಿಟಕಿಯಲ್ಲಿ ನಿಂತು ಅದನ್ನು ನೋಡಿದ ರೀತಿ, ಯಾರೋ ನಡುಬೀದಿಯಲ್ಲಿ ಅನ್ನ ಚೆಲ್ಲುತ್ತಿದ್ದರೆ ನೋಡುವ ರೀತಿ.

ಕಾಕಾನ ಹೆಂಡತಿ ಸುಷ್ಮಾ ಕಾಕು ಬೆಂಗಳೂರಿನವಳು. ಬಚ್ಚಲು ತೋರಿಸುತ್ತಾ, "ಭಾವ, ಬಿಸಿನೀರು ಬರಕ್ಕೆ ಒಂದ್ ನಿಮಿಷ ಆಗತ್ತೆ, ಸುಮ್ನೆ ಬಿಟ್ಬಿಡಿ, ತಣ್ಣೀರು ಹೋಗ್ಲಿ" ಅಂದಳು.

ಹೋಗಲಿ! ಪಪ್ಪ ಆ ಮಾತನ್ನು ನುಂಗಲಾರದೆ ಅಡುಗೆಮನೆಯಿಂದ ಒಂದು ಪಾತ್ರೆ ತಂದು ನಲ್ಲಿಯ ಕೆಳಗಿಟ್ಟ. ಮರುದಿನ ಇನ್ನೊಂದು. ನಾಲ್ಕನೇ ದಿನಕ್ಕೆ ಬಚ್ಚಲಿಂದ ಹಾಲ್‌ವರೆಗೆ ಹದಿನಾಲ್ಕು ಪಾತ್ರೆಯ ಮೆರವಣಿಗೆ. ಸರಿ, ಆರು. ಕಾಕಾನ ಒಂಬತ್ತು ವರ್ಷದ ಮಗ ಇಶಾನ್ ಅವುಗಳ ನಡುವೆ ಕಾಲಿಡುತ್ತಾ, ದೊಡ್ಡಪ್ಪ ಯಾಕೆ ಮನೆಯನ್ನು ಕೆರೆ ಮಾಡ್ತಿದಾರೆ ಅಂತ ಇಂಗ್ಲಿಷಿನಲ್ಲಿ ಕೇಳಿದ. ಪಪ್ಪನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಆ ಹುಡುಗನಿಗೆ ಉತ್ತರ ಅರ್ಥವಾಗುತ್ತಿರಲಿಲ್ಲ.

ಪೂಜೆ ಮುಗಿದ ಸಂಜೆಯೇ ಪಪ್ಪ ಫೈಲ್ ಕಾಕಾನ ಕೈಗಿಟ್ಟ.

"ವೀಕೆಂಡ್ ನೋಡ್ತೀನಿ ಅಣ್ಣಾ."

ಫೈಲು ಅಡುಗೆಮನೆಯ ಕಟ್ಟೆಯ ಮೇಲೆ, ಬಾಳೆಹಣ್ಣಿನ ಬುಟ್ಟಿಯ ಪಕ್ಕ ಕೂತಿತು. ಬಾಳೆಹಣ್ಣು ಹಳದಿ ಇದ್ದದ್ದು ಚುಕ್ಕೆಯಾಯಿತು, ಚುಕ್ಕೆ ಇದ್ದದ್ದು ಕಪ್ಪಾಯಿತು, ಕಪ್ಪಾದದ್ದು ಕೇಕ್ ಆಯಿತು. ಫೈಲು ಹಾಗೇ ಇತ್ತು. ಆಮೇಲೆ ಯಾರೋ ಅದನ್ನು ಪ್ರಿಂಟರ್ ಕೆಳಗೆ ಸರಿಸಿದರು. ನಮ್ಮೂರಿನ ಆಫೀಸಿನಲ್ಲಿ ಫೈಲು ಮಾಯವಾಗಲು ಆರು ತಿಂಗಳು ಹಿಡಿಯುತ್ತದೆ. ಅಮೆರಿಕ ಮುಂದುವರಿದ ದೇಶ, ಒಂಬತ್ತು ದಿನ ಸಾಕಾಯಿತು.

ಪಪ್ಪ ಕೊನೆಗೆ ಕೇಳಿಯೇಬಿಟ್ಟ. ಕಾಕಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಣ್ಣಾ, ನಾ ಕಣ್ಣಿಲೆ ನೋಡದ ಪಂಪಿಗೆ ಸಹಿ ಹಾಕಾಕ ಬರೂದಿಲ್ಲ ನೋಡು. ಲೈಸೆನ್ಸ್ ಹೋಗ್ತೈತಿ" ಅಂದ.

"ಅದೂ ಖರೇ" ಅಂದ ಪಪ್ಪ. ಲ್ಯಾಪ್‌ಟಾಪಿನೊಳಗೆ ಇಣುಕಿ, "ನೀ ಈಗ ಏನು ನೋಡಾಕತ್ತೀ?"

"ಇಲ್ಲೇ ಹಿಂದ ಗುಡ್ಡದ ಮ್ಯಾಲ ಒಂದ್ ಪಂಪ್‌ಹೌಸ್ ಐತಿ. ಹೊಸಾ ಪಂಪ್ ಹಾಕ್ಸಿದ್ವಿ. ಇಷ್ಟು ಕರೆಂಟ್ ಉಳೀತೈತಿ ಅಂತ ನಾನ ರಿಪೋರ್ಟ್ ಬರದೀನಿ. ಉಳದಿಲ್ಲ. ಮೊದಲಿನಕಿಂತ ಒಂಚೂರು ಜಾಸ್ತಿನ ಹೊಂಟೈತಿ."

"ಪಂಪ್ ನೋಡಿಯೇನು?"

"ಎಲ್ಲಾ ಡೇಟಾ ನೋಡೀನಿ."

"ಪಂಪ್?"

ಕಾಕಾ ಮತ್ತೆ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ. ಕಣ್ಣಿಲೆ ನೋಡದ ಪಂಪಿಗೆ ಸಹಿ ಹಾಕಬಾರದು ಅನ್ನುವ ಕಾನೂನು ಎಷ್ಟು ದೂರದ ಪಂಪಿಗೆ ಅನ್ವಯಿಸುತ್ತದೆ ಎಂದು ಕೇಳಬೇಕು ಅನ್ನಿಸಿತು. ಕಾಕು ಆಗತಾನೇ ನನಗೆ ಎರಡನೇ ತುಂಡು ಕೇಕ್ ಹಾಕಿದ್ದಳು. ಕೇಳಲಿಲ್ಲ.

ಮರ್ಸರ್ ಐಲ್ಯಾಂಡ್

ಭಾನುವಾರ ಕಾಕಾ ನಮ್ಮನ್ನು ಮರ್ಸರ್ ಐಲ್ಯಾಂಡ್‌ಗೆ ಕರೆದೊಯ್ದ. ಕೆರೆಯ ನಡುವೆ ಒಂದು ಊರು. ಸುತ್ತಲೂ ಅಷ್ಟು ನೀರಿದ್ದರೂ ಜನ ಅದನ್ನು ನೋಡಲು ಮಾತ್ರ ಇಟ್ಟುಕೊಂಡಿದ್ದಾರೆ. ಕುಡಿಯುವ ನೀರು ದೂರದ ಬೆಟ್ಟದಿಂದ ಬರುತ್ತದಂತೆ. ಅಲ್ಲಿ ಒಂದು ನಾಯಿ ನನಗಿಂತ ಒಳ್ಳೆಯ ರೇನ್‌ಕೋಟ್ ಹಾಕಿತ್ತು.

ಅಲ್ಲಿ ಎದುರಿಗೆ ಸಿಕ್ಕವರೆಲ್ಲ ಹೇಗಿದ್ದೀರಿ ಅಂತ ಕೇಳುತ್ತಾರೆ. ಓಡುತ್ತಾ ಬಂದ ಒಬ್ಬ ಅಜ್ಜ ಪಪ್ಪನನ್ನೂ ಕೇಳಿದ. ಪಪ್ಪ ನಿಂತು, ಎರಡು ಬೆರಳಿಂದ ಎಡಮೊಣಕಾಲು ತೋರಿಸಿ, ತನಗೆ ಬರುವ ಇಂಗ್ಲಿಷಿನಲ್ಲಿ ನೋವಿನ ಇತಿಹಾಸ ಶುರು ಮಾಡುವಷ್ಟರಲ್ಲಿ ಅಜ್ಜ ಮುಂದಿನ ತಿರುವಿನಲ್ಲಿದ್ದ.

"ಕೇಳಿದ ಮ್ಯಾಲ ನಿಂದರಬೇಕಲ್ಲೋ?" ಅಂದ ಪಪ್ಪ.

"ಇಲ್ಲಿ ಹಂಗ ಅಣ್ಣಾ. ಉತ್ತರ ಯಾರಿಗೂ ಬೇಕಾಗಿರೂದಿಲ್ಲ."

"ಹಂಗಂದ್ರ ನಮ್ಮ ಆಫೀಸ್ ಇದ್ದಂಗ."

ಕಾಕಾ ಜೋರಾಗಿ ನಕ್ಕ. ಆಗಲೇ ಅವನ ಫೋನು ರಿಂಗಾಯಿತು. ಅವನ ಸಾಹೇಬ. ಭಾನುವಾರ ಫೋನು ಮಾಡುವ ಸಾಹೇಬ ಎಂದರೆ ಎರಡೂ ದೇಶಗಳಲ್ಲಿ ಅರ್ಥ ಒಂದೇ. ಕಾಕಾ ನೀರಿನ ಕಡೆ ಮುಖ ಮಾಡಿ ಹತ್ತು ಸಲ ಸಾರಿ ಅಂದು ವಾಪಸ್ ಬಂದವನು ಬೇರೆಯೇ ಮನುಷ್ಯನಾಗಿದ್ದ. ಕರೆಂಟ್ ಯಾಕೆ ಉಳಿದಿಲ್ಲ ಅಂತ ಶುಕ್ರವಾರದೊಳಗೆ ಕಾರಣ ಹೇಳಬೇಕು, ಇಲ್ಲವಾದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ.

"ಅಣ್ಣಾ" ಅಂದ ಕಾಕಾ, ಷೂ ನೋಡುತ್ತಾ. "ನಾಳಿಗೆ ನನ್ನ ಸಂಗಡ ಪಂಪ್‌ಹೌಸಿಗೆ ಬರ್ತೀಯೇನು? ಸುಮ್ನ, ನೋಡಾಕ."

ಪಪ್ಪ ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿದ. ಅವತ್ತೇ ಸಂಜೆ ಸುತ್ತಿದ್ದ ಬಟ್ಟೆ ಬಿಚ್ಚಿ ಸ್ಕ್ರೂಡ್ರೈವರ್ ಒರೆಸಿದ್ದನ್ನು ನಾನು ನೋಡಿದೆ.

ಗುಡ್ಡದ ಪಂಪ್‌ಹೌಸ್

ಅದು ಪಂಪ್‌ಹೌಸಿನ ಹಾಗಿರಲೇ ಇಲ್ಲ. ಹೆಂಚಿನ ಮಾಡು, ಕಿಟಕಿಗೆ ಹೂಕುಂಡ. ಅಕ್ಕಪಕ್ಕದವರಿಗೆ ಬೇಸರವಾಗಬಾರದೆಂದು ಪಂಪಿಗೆ ಮನೆಯ ವೇಷ ಹಾಕಿಸಿದ್ದಾರೆ. ನಮ್ಮಲ್ಲಿ ಎಷ್ಟೋ ಮನೆಗಳು ಪಂಪ್‌ಹೌಸಿನ ಹಾಗಿರುತ್ತವೆ.

ಬಾಗಿಲು ತೆರೆದವನು ರ್‍ಯಾಂಡಿ, ಅಲ್ಲಿಯ ಆಪರೇಟರ್. ಎದೆತನಕ ಗಡ್ಡ, ಸೊಂಟದಲ್ಲಿ ಸಾಮಾನಿನ ಬೆಲ್ಟು, ಬಕೆಟಿನಷ್ಟು ದೊಡ್ಡ ಕಾಫಿ ಲೋಟ. ನಮ್ಮ ಮುಂದೆ ಒಂದು ರಟ್ಟಿನ ಹಲಗೆ ಹಿಡಿದ. ಒಳಗೆ ಬರುವವರು ಹೆಸರು, ಇಲಾಖೆ, ಹುದ್ದೆ, ಹೊತ್ತು ಬರೆಯಬೇಕು. ಪಪ್ಪ ಕನ್ನಡಕ ಹುಡುಕುತ್ತಿದ್ದ. ಕಾಕಾ ಆಗಲೇ ತನ್ನದು ಬರೆದು ಒಳಗೆ ಹೋಗಿದ್ದ. ಪೆನ್ನು ನನ್ನ ಕೈಗೆ ಬಂತು.

ನಮ್ಮ ಪಂಪ್‌ಹೌಸಿನಲ್ಲೂ ಒಂದು ರಜಿಸ್ಟರ್ ಇದೆ. ತಪಾಸಣೆಗೆ ಬರುವ ಸಾಹೇಬರು ಜೀಪಿನಿಂದ ಇಳಿಯುವುದೇ ಇಲ್ಲ, ಡ್ರೈವರ್ ಎಂಜಿನ್ ಆರಿಸುವುದೂ ಇಲ್ಲ. ಪಪ್ಪ ಓಡಿಹೋಗಿ ಕಿಟಕಿಯಲ್ಲಿ ರಜಿಸ್ಟರ್ ಹಿಡಿಯುತ್ತಾನೆ. ಅವರು "ಪರಿಶೀಲಿಸಲಾಯಿತು, ಎಲ್ಲ ಸರಿ ಇದೆ" ಎಂದು ಬರೆದು ಹೋಗುತ್ತಾರೆ. ಹೀಗಾಗಿ ರಜಿಸ್ಟರ್ ಎಂದರೆ ಬರೆಯುವುದಕ್ಕೆ ಇರುವ ವಸ್ತು, ಓದುವುದಕ್ಕಲ್ಲ ಎಂದು ನಾನು ಹುಟ್ಟಿದಾಗಿನಿಂದ ತಿಳಿದಿದ್ದೆ.

ಹೆಸರು: ಚನ್ನಬಸಪ್ಪ. ಇಲಾಖೆ: ಕರ್ನಾಟಕ ಸರ್ಕಾರ, ನೀರು ಸರಬರಾಜು. ಹುದ್ದೆ: ಚೀಫ್ ಇಂಜಿನಿಯರ್.

ಬರೀ ಇಂಜಿನಿಯರ್ ಅಂತ ಬರೆಯಬಹುದಿತ್ತು. ಆದರೆ ವಿಮಾನ ಹತ್ತಿ ಇಷ್ಟು ದೂರ ಬಂದಿದ್ದೆವು. ಊರಲ್ಲೇ ಇರುವ ಪೋಸ್ಟು ಸಾಲದು ಅನ್ನಿಸಿತು.

ರ್‍ಯಾಂಡಿ ಓದಿ, ಹುಬ್ಬೇರಿಸಿ, ಪಪ್ಪನಿಗೆ ಅರ್ಧ ಸಲ್ಯೂಟ್ ಹೊಡೆದು "ಚೀಫ್" ಅಂದ. ಪಪ್ಪ ಅದು ಅಮೆರಿಕದವರ ನಮಸ್ಕಾರ ಎಂದುಕೊಂಡು ಕೈಮುಗಿದ.

ಒಳಗೆ ಮೂರು ನೀಲಿ ಪಂಪುಗಳು. ಒಂದು ಓಡುತ್ತಿತ್ತು, ಎರಡು ಮಲಗಿದ್ದವು. ಅವುಗಳ ಕೆಲಸ ಶುದ್ಧ ಮಾಡಿ ಬಂದ ನೀರನ್ನು ಗುಡ್ಡದ ನೆತ್ತಿಯ ಟ್ಯಾಂಕಿಗೆ ಎತ್ತುವುದು. ಪಪ್ಪ ಚಪ್ಪಲಿ ಬಿಟ್ಟು, ಓಡುತ್ತಿದ್ದ ಪಂಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ರ್‍ಯಾಂಡಿ ಒಂದು ಕ್ಷಣ ನೋಡಿ ತನ್ನ ಟೋಪಿ ತೆಗೆದ. ಪಪ್ಪ ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿ, ಕೇಳಿದ.

"ಇದರ ಆರೋಗ್ಯ ಚಲೋ ಐತಿ."

ಆಮೇಲೆ ಮೂಲೆಯ ಪಂಪಿನ ಹತ್ತಿರ ಹೋದ.

"ಅಣ್ಣಾ, ಅದು ಬಂದ್ ಐತಿ" ಅಂದ ಕಾಕಾ.

"ಬಂದ್ ಐತಿ ಅಂತ ನೀ ಅಂತೀ. ಅದು ಮಾತಾಡಾಕತ್ತೈತಲ್ಲ."

ಪಪ್ಪ ಕೆಳಗೆ ಕೂತು, ಮೋಟಾರಿಗೂ ಪಂಪಿಗೂ ನಡುವಿನ ಜಾಲರಿಯೊಳಗೆ ಇಣುಕಿ, ಕೈ ಮಾಡಿ ಕಾಕಾನನ್ನು ಕರೆದ. ಒಳಗಿನ ದಂಡ ತಿರುಗುತ್ತಿತ್ತು. ನಿಧಾನ, ಸದ್ದಿಲ್ಲದೆ, ಹಿಂದಕ್ಕೆ. ಕರೆಂಟಿಲ್ಲದ, ಬಂದ್ ಆಗಿರುವ ಪಂಪು ನಿದ್ದೆಯಲ್ಲಿ ಉಲ್ಟಾ ನಡೆಯುತ್ತಿತ್ತು.

"ಎನ್‌ಆರ್‌ವಿ ಮುಚ್ಚಿಲ್ಲ" ಅಂದ ಪಪ್ಪ. ಹೋದ ನೀರು ಹಿಂದೆ ಬರದಂತೆ ಪ್ರತಿ ಪಂಪಿನ ಬಾಯಿಗೂ ಒಂದು ಬಾಗಿಲು ಇರುತ್ತದೆ, ಅದು ಎನ್‌ಆರ್‌ವಿ. "ಅದು ಎತ್ತಿದ್ದರಾಗ ಒಂದಿಷ್ಟು ಇದರಾಗಿಂದ ಹೊಳ್ಳಿ ಕೆಳಗ ಬರಾಕತ್ತೈತಿ. ಅದ ನೀರ ಸುತ್ತಾಕತ್ತೈತಿ. ಇಪ್ಪತ್ತು ಕೊಡ ಎತ್ತಿ ಐದು ಕೊಡ ಚೆಲ್ಲಿಕೊಂಡ್ರ ಕರೆಂಟ್ ಎಲ್ಲಿ ಉಳೀತೈತೋ ಗಿರ್‍ಯಾ? ನಾ ತಪ್ಪೂ ಇರಬಹುದು. ಬಿಚ್ಚಿ ನೋಡ್ರಿ."

ಕಾಕಾನ ಮುಖ ನಾನು ವರ್ಣಿಸುವುದಿಲ್ಲ. ಎಳೆಯುವ ಅಗತ್ಯವೇ ಇರಲಿಲ್ಲ. ಸಾಹೇಬನಿಗೆ ಫೋನು ಮಾಡಲು ಅವನು ಹೊರಗೆ ಓಡಿದ.

ರ್‍ಯಾಂಡಿ ತಲೆ ಕೊಡವುತ್ತಾ ಹೇಳಿದ: ಈ ಸಣ್ಣ ಸದ್ದು ಅವನೂ ಕೇಳಿದ್ದ. ಹೇಳಿದಾಗ ಫಾರ್ಮ್ ತುಂಬಿಕೊಡು ಅಂದರು. ತುಂಬಿಕೊಟ್ಟ. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ನಾನು ಅದನ್ನು ಪಪ್ಪನಿಗೆ ಹೇಳಿದೆ. ಪಪ್ಪನ ಕಣ್ಣು ಅರಳಿತು. "ಪಲ್ಲವಿ, ಅವಂಗ ಹೇಳು. ನಾನೂ ಮೂರು ಸಲ ಬರದು ಕೊಟ್ಟೀನಿ, ನಂದೂ ಯಾರೂ ಕೇಳಿಲ್ಲ, ನಾವಿಬ್ರೂ ಒಂದ ಅಂತ ಹೇಳು."

ನಾನು ಇಂಗ್ಲಿಷಿನಲ್ಲಿ ಹೇಳಿದ್ದು: "ನಮ್ಮ ತಂದೆಯ ಕೈಕೆಳಗೆ ಇಂಥ ಹತ್ತು ಸಾವಿರ ಪಂಪು ಇವೆ. ಇದು ಅವರಿಗೆ ದೊಡ್ಡ ವಿಷಯ ಅಲ್ಲ."

ರ್‍ಯಾಂಡಿ ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದ. ಪಪ್ಪ ನಗುತ್ತಾ ಅವನ ಉತ್ತರಕ್ಕೆ ಕಾಯುತ್ತಿದ್ದ.

ಕೆಂಟ್

ಆ ಎನ್‌ಆರ್‌ವಿ ವಾಲ್ವನ್ನು ಬಿಚ್ಚಿದ್ದು ಕೆಂಟ್‌ನ ಒಂದು ವರ್ಕ್‌ಶಾಪಿನಲ್ಲಿ. ಕೆಂಟ್ ಎಂದರೆ ಗೋದಾಮು, ಗೋದಾಮು, ಲಾರಿ, ಗೋದಾಮು. ಸಿಯಾಟಲ್ ಸುತ್ತ ಪಪ್ಪನಿಗೆ ಮನಸಾರೆ ಹಿಡಿಸಿದ ಜಾಗ ಅದೊಂದೇ. ಗ್ರೀಸ್ ವಾಸನೆ ಬಂದಕೂಡಲೇ ಬೆನ್ನು ನೆಟ್ಟಗಾಯಿತು.

ಒಳಗೆ ಸಿಕ್ಕಿದ್ದು ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಚೂರು. ಹೊಸ ಪಂಪು ಬಂದಾಗ ಧೂಳು ಹೋಗದಿರಲಿ ಎಂದು ಬಾಯಿಗೆ ಹಾಕಿದ್ದ ಮುಚ್ಚಳದ್ದು. ಜೋಡಿಸುವಾಗ ಮುರಿದು ಒಳಗೆ ಉಳಿದು, ಬಾಗಿಲಿನ ಕೀಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಷ್ಟೆಲ್ಲ ಕಂಪ್ಯೂಟರು, ಅಷ್ಟೆಲ್ಲ ಡೇಟಾ, ಕೊನೆಗೆ ಪ್ಯಾಕಿಂಗ್ ಕಸ. ನಮ್ಮ ಪಂಪಿಗೆ ಒಮ್ಮೆ ಯಾರದೋ ಲುಂಗಿ ಸಿಕ್ಕಿತ್ತು. ಅದಕ್ಕೆ ಹೋಲಿಸಿದರೆ ಅಮೆರಿಕದ ಕಸ ಬಹಳ ಸ್ವಚ್ಛ.

ವಾಲ್ವು ವಾಪಸ್ ಹಾಕಿದ ಸಂಜೆ ಕಾಕಾನ ರಿಪೋರ್ಟಿನಲ್ಲಿದ್ದಷ್ಟೇ ಕರೆಂಟು ಉಳಿಯಿತು. ರ್‍ಯಾಂಡಿಯ ಮೇಲಿನ ಸಾಹೇಬರು ಅವನ ಫೋನಿನಲ್ಲಿ ನನಗೆ, ಚೀಫ್‌ಗೆ ಒಂದು ಧನ್ಯವಾದದ ಪತ್ರ ಕೊಡುತ್ತೇವೆ, ಅವರ ಇಲಾಖೆಯ ಹೆಸರಿಗೇ ಕಳಿಸುತ್ತೇವೆ ಅಂದರು.

ನಾನು ಅದನ್ನು ಪಪ್ಪನಿಗೆ ಹೇಳಿದೆ. ಇದನ್ನು ಮಾತ್ರ ಎಳೆಯದೆ ಹೇಳಿದೆ.

"ಲೆಟರ್‌ಹೆಡ್ ಮ್ಯಾಲ?"

"ಹೂಂ ಪಪ್ಪಾ."

"ರೌಂಡ್ ಸೀಲ್ ಇರತೈತೇನು?"

"ಇರತೈತಿ."

"ಅದರಾಗ ಒಂದ ಮಾತು ಹಾಕ್ರಿ ಅನ್ನು. ಪಂಪಿನ ಹತ್ರ ದಿನಾ ಇರೂ ಆಪರೇಟರ್ ಮಾತು ಕೇಳಬೇಕು ಅಂತ. ಅಷ್ಟ ಸಾಕು."

ಅದನ್ನು ನಾನು ರ್‍ಯಾಂಡಿಗೆ ಹೇಳಿದೆ. ಆಪರೇಟರ್ ಪರವಾಗಿ ಒಬ್ಬ ಚೀಫ್ ಇಂಜಿನಿಯರ್ ಇಷ್ಟು ಹೇಳುವುದನ್ನು ತಾನು ಜೀವನದಲ್ಲಿ ಕಂಡಿಲ್ಲ ಅಂದ ಅವನು. ದಾರಿಯಲ್ಲಿ ಪಪ್ಪ ಐಸ್‌ಕ್ರೀಮ್ ತಿಂದ. ಸಕ್ಕರೆ ಕಾಯಿಲೆಯವನು. ಎರಡು ತಿಂದ.

ಮತ್ತೆ ಈಸ್ಟ್‌ಗೇಟ್

ಮೂರು ದಿನದ ಮೇಲೆ ಕಾಕಾ ಮಧ್ಯಾಹ್ನವೇ ಮನೆಗೆ ಬಂದ. ಷೂ ಬಿಚ್ಚಲಿಲ್ಲ. ಪಪ್ಪ ಟೇಬಲ್ಲಿನ ಹತ್ತಿರ ಕೂತು ನಾಲ್ಕನೇ ವರದಿಯ ಮೊದಲ ಸಾಲು ಬರೆಯುತ್ತಿದ್ದ. ನಾನು ಇಶಾನ್ ಜೊತೆ ಬಟ್ಟಲಿಗೆ ಹಾಲು ಸುರಿದುಕೊಂಡು ಬಣ್ಣಬಣ್ಣದ ಕಾಳು ತಿನ್ನುತ್ತಿದ್ದೆ.

ಪತ್ರ ಕಳಿಸಲು ವಿಳಾಸ ಬೇಕಾಗಿ ಅಲ್ಲಿಯವರು ಹುಡುಕಿದ್ದರು. ಚನ್ನಬಸಪ್ಪ ಎಂಬ ಚೀಫ್ ಇಂಜಿನಿಯರ್ ಎಲ್ಲೂ ಸಿಗಲಿಲ್ಲ. ಕಾಕಾನ ಕಂಪನಿಯನ್ನು ಕೇಳಿದರು. ಕಂಪನಿ ಕಾಕಾನನ್ನು ಕೇಳಿತು. ಅವರು ಆ ರಜಿಸ್ಟರ್ ಓದಿದ್ದರು! ಒಬ್ಬ ಮನುಷ್ಯ ತಾನಲ್ಲದ ಹುದ್ದೆ ಬರೆದು, ಒಂದು ಊರು ಕುಡಿಯುವ ನೀರಿನ ಜಾಗಕ್ಕೆ ಹೊಕ್ಕಿದ್ದ. ಅವರಿಗೆ ಕಂಡದ್ದು ಅಷ್ಟು.

ಕಾಕಾ ಫೋನನ್ನು ಪಪ್ಪನ ಮುಂದೆ ಹಿಡಿದ. ರಜಿಸ್ಟರಿನ ಆ ಪುಟದ ಫೋಟೋ.

"ಏನಣ್ಣಾ ಇದು? ಚೀಫ್ ಇಂಜಿನಿಯರ್? ತೆಲಿ ಕೆಟ್ಟೈತೇನು? ಪಂಪ್ ಆಪರೇಟರ್ ಅಂತ ಬರದಿದ್ರ ಅವರು ಇನ್ನೂ ಖುಷಿಲೆ ಪತ್ರ ಕೊಡ್ತಿದ್ರು! ಈಗ ನನ್ನ ನೌಕರಿ ಉಳದದ್ದ ದೊಡ್ಡದು!"

ಪಪ್ಪ ಕನ್ನಡಕ ಹಾಕಿಕೊಂಡ. ನಾನು ಇಂಗ್ಲಿಷಿನ ಎಫ್ ಅಕ್ಷರಕ್ಕೆ ಕೆಳಗೊಂದು ಕೊಕ್ಕೆ ಎಳೆಯುತ್ತೇನೆ, ಚೆಂದ ಕಾಣಲಿ ಅಂತ. ಎರಡನೇ ಕ್ಲಾಸಿನಿಂದ ನನ್ನ ಕಾಪಿ ಪುಸ್ತಕಕ್ಕೆ ಸಹಿ ಹಾಕುತ್ತಾ ಬಂದವನು ಅವನು. ಚೀಫ್‌ನ ಎಫ್ ನೋಡಿದ. ತಲೆ ಎತ್ತಿ ನನ್ನನ್ನು ನೋಡಿದ. ಒಂದೇ ಸಲ.

"ಹೌದು" ಅಂದ. "ನಾನ ಬರದೆ."

"ಯಾಕ?"

"ಊರಾಗ ಎಲ್ಲಾರೂ ಹಂಗ ಕರೀತಾರಲ್ಲೋ. ಬಾಯಿಗೆ ಬಂತು, ಬರದೆ."

ಕಾಕು ಮೆಲ್ಲಗೆ, "ಭಾವ, ಇಲ್ಲಿ ಫಾರ್ಮ್‌ನಲ್ಲಿ ಬರ್ದಿದ್ದನ್ನ ನಿಜ ಅಂತಾನೇ ನಂಬ್ತಾರೆ ಕಣ್ರೀ" ಅಂದಳು. ಪಪ್ಪ, "ಅದೂ ಖರೇನ" ಅಂದ.

ನಾನು ಮೂರು ತಾಸು ಉಸಿರು ತೆಗೆದುಕೊಳ್ಳದೆ ಮಾತಾಡಬಲ್ಲವಳು. ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು. ಸರಿ, ಸಮಾಧಾನಕರ ಬಹುಮಾನ. ಆ ಮಧ್ಯಾಹ್ನ ಬಟ್ಟಲಿನಲ್ಲಿ ಹಸಿರು ಕಾಳು ಯಾವುದು, ಕೆಂಪು ಕಾಳು ಯಾವುದು ಎಂದು ನೋಡುತ್ತಾ ಕೂತೆ. ಹಾಲು ಎಲ್ಲ ಬಣ್ಣ ಕುಡಿದು ಬೂದುಬಣ್ಣಕ್ಕೆ ತಿರುಗಿತ್ತು.

ಪತ್ರ ಬರಲಿಲ್ಲ. ಕಾಕಾನ ರಿಪೋರ್ಟಿನಲ್ಲಿ ಆ ಜಾಗದಲ್ಲಿ "ಸ್ಥಳ ಪರಿಶೀಲನೆಯಲ್ಲಿ ದೋಷ ಕಂಡುಬಂದಿತು" ಎಂದು ಇತ್ತಂತೆ. ಕಂಡುಬಂದಿತು. ತಾನೇ ತಾನಾಗಿ.

ವಾಪಸ್

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಪಪ್ಪ ಪಂಪ್‌ಹೌಸ್ ಮುಂದೆ ಕಾರು ನಿಲ್ಲಿಸಲು ಹೇಳಿದ. "ಒಳಗ ಹೋಗೂದಿಲ್ಲಪಾ, ಹೆದರಬ್ಯಾಡ" ಅಂದ ಕಾಕಾನಿಗೆ. ರ್‍ಯಾಂಡಿ ಹೊರಗೆ ಪೈಪು ತೊಳೆಯುತ್ತಿದ್ದ. ಅವನಿಗೆ ವಿಷಯ ತಿಳಿದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಕಾರಿನಿಂದ ಇಳಿಯಲು ಹೊರಟೆ. ಪಪ್ಪ, "ನೀ ಕುಂಡ್ರು" ಅಂದ.

ಒಬ್ಬನೇ ಹೋದ. ಸುತ್ತಿದ್ದ ಬಟ್ಟೆ ಬಿಚ್ಚಿ ಸ್ಕ್ರೂಡ್ರೈವರ್ ಅವನ ಕೈಗಿಟ್ಟ. ಕಿಟಕಿ ಇಳಿಸಿದ್ದರಿಂದ ನನಗೆ ಕೇಳಿಸಿತು. ಎದೆ ಮುಟ್ಟಿಕೊಂಡು "ಐ ಆಪರೇಟರ್" ಅಂದ. ಆಮೇಲೆ ರ್‍ಯಾಂಡಿಯ ಎದೆಯ ಕಡೆ ಕೈ ತೋರಿಸಿ, "ಯೂ ಆಪರೇಟರ್."

ನಾನು ದಾಟಿಸದೆ ಬಿಟ್ಟ ಮಾತನ್ನು ಅವನು ಮೂರು ಇಂಗ್ಲಿಷ್ ಶಬ್ದದಲ್ಲಿ ತಾನೇ ದಾಟಿಸಿದ. ರ್‍ಯಾಂಡಿ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪಪ್ಪನ ಕೈ ಹಿಡಿದ. ಬಹಳ ಹೊತ್ತು ಬಿಡಲಿಲ್ಲ.

ವಿಮಾನದಲ್ಲಿ ನಾನು, "ಪಪ್ಪಾ, ಆ ರಜಿಸ್ಟರ್..." ಅಂದೆ.

"ಊಟ ಬಂತು ನೋಡು. ತಿನ್ನು" ಅಂದ.

ನಮ್ಮ ಊರು

ನಾವು ಬಂದ ದಿನ ನಲ್ಲಿಯ ದಿನವಾಗಿತ್ತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಂದ್ರಿ? ಮೊದಲ ಆ ಕೊಡ ಹಿಡಿ" ಅಂದಳು. ಸಿಯಾಟಲ್ ಬಗ್ಗೆ ಅವಳು ಕೇಳಿದ ಪ್ರಶ್ನೆ ಒಂದೇ: "ಅಲ್ಲಿ ಎಷ್ಟು ದಿನಕ್ಕ ಬಿಡ್ತಾರ?"

ಪಪ್ಪ ಹೊಸ ಸ್ಕ್ರೂಡ್ರೈವರ್ ತಂದಿದ್ದಾನೆ. ಪ್ಲಾಸ್ಟಿಕ್ ಹಿಡಿ. ಸರಿಯಾಗಿ ಮಾತಾಡುವುದಿಲ್ಲ ಅನ್ನುತ್ತಾನೆ. ವಾಲ್ವು ಅರ್ಧ ಮುಚ್ಚಿಯೇ ಇದೆ. ಅದರ ಬುಸುಗುಟ್ಟುವಿಕೆ ಕೇಳಲು ಸ್ಕ್ರೂಡ್ರೈವರ್ ಬೇಕಿಲ್ಲ, ರಸ್ತೆಗೇ ಕೇಳಿಸುತ್ತದೆ.

ಹದಿನೈದು ದಿನದ ಮೇಲೆ ಕಾಕಾ ಏನೂ ಬರೆಯದೆ ಒಂದು ಫೋಟೋ ನನ್ನ ಫೋನಿಗೆ ಫಾರ್ವರ್ಡ್ ಮಾಡಿದ. ಆ ಗುಡ್ಡದ ಪಂಪ್‌ಹೌಸಿನ ಗೋಡೆ. ಮೊಳೆಗೆ ನೇತುಹಾಕಿದ ಪಪ್ಪನ ಸ್ಕ್ರೂಡ್ರೈವರ್. ಕೆಳಗೆ ಬಿಳಿ ಪಟ್ಟಿಯ ಮೇಲೆ ರ್‍ಯಾಂಡಿ ಕೈಯಿಂದ ಬರೆದದ್ದು: ಚನ್ನಬಸಪ್ಪ, ಪಂಪ್ ಆಪರೇಟರ್.

ಪಪ್ಪ ಅದನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಆಮೇಲೆ, "ಇದರದೊಂದು ಝೆರಾಕ್ಸ್ ತಗಿಸ್ಕೊಂಡು ಬಾ" ಅಂದ.

ನಾಲ್ಕನೇ ವರದಿಯನ್ನು ಅವನು ಹೇಳಿದ, ನಾನು ಬರೆದೆ. ಒಂದು ಅಕ್ಷರವನ್ನೂ ಎಳೆಯಲಿಲ್ಲ. ಕೊನೆಯಲ್ಲಿ ಅವನ ಹುದ್ದೆ ಬರೆದು ತೋರಿಸಿದಾಗ, "ಇನ್ನಷ್ಟು ದಪ್ಪಗ ಬರಿ" ಅಂದ. ಕೆಳಗೆ, ಅಡಕ: ಒಂದು.

ಆಫೀಸಿನ ಗುಮಾಸ್ತರು ಪುಟ ತಿರುವಿ, ಝೆರಾಕ್ಸ್ ಪುಟಕ್ಕೆ ಬಂದು ನಿಂತರು. ಝೆರಾಕ್ಸಿನಲ್ಲಿ ಗೋಡೆ ಪೂರ್ತಿ ಕಪ್ಪಾಗಿ, ಸ್ಕ್ರೂಡ್ರೈವರ್ ಒಂದು ಗೀಟಾಗಿತ್ತು. ಬರಹ ಕಾಣುತ್ತಲೇ ಇರಲಿಲ್ಲ.

"ಇದೇನ್ರಿ?"

"ಅಮೆರಿಕದ್ದು ರೀ" ಅಂದ ಪಪ್ಪ.

ಅವರು ಅದನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ನೋಡಿ, ಸ್ವೀಕರಿಸಲಾಗಿದೆ ಎಂಬ ಸೀಲು ಕುಟ್ಟಿ, ಹಿಂದಿನ ಮೂರರ ಮೇಲೆ ಇಟ್ಟರು. ರೌಂಡ್ ಸೀಲು. ಕೊನೆಗೂ ಒಂದು ಸಿಕ್ಕಿತು.

ನಾವು ಮೆಟ್ಟಿಲು ಇಳಿಯುವಾಗ ಗುಮಾಸ್ತರು ಕಿಟಕಿಯಿಂದ ಕೂಗಿದರು. "ಇಂಜಿನಿಯರ್ ಸಾಹೇಬ್ರ! ನಮ್ಮ ಓಣಿಗೆ ನೀರು ಯಾವಾಗ್ರಿ?"

ಪಪ್ಪ ನಿಂತ. ನನ್ನನ್ನು ನೋಡಲಿಲ್ಲ. ತಿರುಗಿ, ಇಡೀ ಕಚೇರಿಗೆ ಕೇಳುವ ಹಾಗೆ ಹೇಳಿದ.

"ನಾ ಇಂಜಿನಿಯರ್ ಅಲ್ರಿ. ಪಂಪ್ ಆಪರೇಟರ್."

ಆಮೇಲೆ ಸೈಕಲ್ ಸ್ಟ್ಯಾಂಡ್ ತೆಗೆಯುತ್ತಾ, "ಬುಧವಾರ" ಅಂದ.